ಹಾಡುವ ತಂತ್ರಾಂಶದ ವ್ಯಾಪಾರ: ಯಾವ ಹಕ್ಕು ಯಾರದು, ಲಾಭ ಎಲ್ಲಿಂದ?

ಗೀತೆಯೊಂದು ಮಾರುಕಟ್ಟೆಗೆ ಬರಬೇಕಾದರೆ ಅದರ ಹಿಂದೆ ಹಲವರ ಶ್ರಮವೂ ಸಂಭಾವನೆಯೂ ಇರುತ್ತವೆ. ಸಾಹಿತ್ಯ ರಚಿಸುವವರು, ರಾಗ ಸಂಯೋಜಿಸುವವರು, ವಾದ್ಯ ನುಡಿಸುವವರು, ಧ್ವನಿಮುದ್ರಣ ಮಾಡುವವರು, ಹಾಡುವವರು ಎಲ್ಲರಿಗೂ ಅದರಲ್ಲಿ ಪಾಲುಂಟು. ಈ ಸರಪಳಿಯಲ್ಲಿ ವಾದ್ಯಗಳ ಸ್ಥಾನವನ್ನು ಎಲೆಕ್ಟ್ರಾನಿಕ್ ಉಪಕರಣಗಳೂ ಕಂಪ್ಯೂಟರೂ 1980ರ ದಶಕದಿಂದಲೇ ಹಂತ ಹಂತವಾಗಿ ತುಂಬುತ್ತ ಬಂದವು. ಗಾಯಕರ ಕಂಠಕ್ಕೆ ಮಾತ್ರ ಬಹುಕಾಲ ಬದಲಿ ದೊರೆಯಲಿಲ್ಲ. 2004ರಲ್ಲಿ ಆ ಬದಲಿಯೂ ಪೆಟ್ಟಿಗೆಯಲ್ಲಿ ತುಂಬಿದ ಸರಕಾಗಿ ಅಂಗಡಿಗೆ ಬಂದಿತು.

ಅದರ ಸುತ್ತ ಜಪಾನಿನಲ್ಲಿ ಬೆಳೆದ ಉದ್ಯಮವು ಸಂಗೀತಾಸಕ್ತರಷ್ಟೇ ವ್ಯಾಪಾರಿಗಳೂ ಸಣ್ಣ ತಯಾರಕರೂ ಗಮನಿಸತಕ್ಕ ಸಂಗತಿಯಾಗಿದೆ. ಅಲ್ಲಿ ಪ್ರಾಂತ್ಯ ನಗರವೊಂದರ ಸಣ್ಣ ಸಂಸ್ಥೆಯು ತನ್ನ ಅತ್ಯಂತ ಬೆಲೆಬಾಳುವ ಆಸ್ತಿಯನ್ನು ಇತರರು ಶುಲ್ಕವಿಲ್ಲದೆ ಬಳಸಲು ಬಿಟ್ಟಿತು. ಹಾಗೆ ಬಿಟ್ಟದ್ದರಿಂದ ಆ ಆಸ್ತಿಯ ಬೆಲೆ ಹೆಚ್ಚಿತು. ಆದರೆ ಬಿಟ್ಟುಕೊಡುವುದು ಎಷ್ಟು, ಉಳಿಸಿಕೊಳ್ಳುವುದು ಎಷ್ಟು ಎಂಬುದನ್ನು ಅದು ಆರಂಭದ ತಿಂಗಳುಗಳಲ್ಲೇ ಲಿಖಿತ ನಿಯಮಗಳ ಮೂಲಕ ಗೊತ್ತುಪಡಿಸಿತ್ತು. ಈ ವ್ಯವಸ್ಥೆಯ ಒಳಹೊರಗನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ತಂತ್ರಾಂಶದ ಸ್ವರೂಪ

ವಾದ್ಯ ತಯಾರಿಕೆಗೆ ಹೆಸರಾದ ಯಮಹಾ ಸಂಸ್ಥೆಯು ಬಾರ್ಸಿಲೋನಾದ ಪೊಂಪೆಯು ಫಾಬ್ರಾ ವಿಶ್ವವಿದ್ಯಾಲಯದ ಸಹಯೋಗದಲ್ಲಿ 2000ದಿಂದ ನಡೆಸಿದ ಸಂಶೋಧನೆಯ ಫಲವೇ 'ವೋಕಲಾಯ್ಡ್'. ಹಿದೆಕಿ ಕೆನ್‌ಮೋಚಿ ಅವರು ಈ ಕಾರ್ಯದ ಮುಂದಾಳುವಾಗಿದ್ದರು. 2003ರಲ್ಲಿ ಇದನ್ನು ಪ್ರಕಟಿಸಲಾಯಿತು. 2004ರಲ್ಲಿ ಬ್ರಿಟನ್ನಿನ ಜೀರೋ-ಜಿ ಸಂಸ್ಥೆಯು 'ಲಿಯಾನ್' ಮತ್ತು 'ಲೋಲಾ' ಎಂಬ ಹೆಸರಿನ ಮೊದಲ ಇಂಗ್ಲಿಷ್ ಕಂಠಗಳನ್ನು ಮಾರುಕಟ್ಟೆಗೆ ತಂದಿತು.

ಇದರ ಕಾರ್ಯವಿಧಾನ ಹೀಗಿದೆ. ಮೊದಲು ಮನುಷ್ಯರೊಬ್ಬರ ಕಂಠದಿಂದ ಭಾಷೆಯ ಅಕ್ಷರಧ್ವನಿಗಳನ್ನೂ ಒಂದು ಧ್ವನಿಯಿಂದ ಇನ್ನೊಂದಕ್ಕೆ ಸಾಗುವ ಸಂಧಿಗಳನ್ನೂ ಬೇರೆ ಬೇರೆ ಶ್ರುತಿಗಳಲ್ಲಿ ಹಾಡಿಸಿ ಮುದ್ರಿಸಿಕೊಳ್ಳಲಾಗುತ್ತದೆ. ಈ ತುಣುಕುಗಳ ಸಂಗ್ರಹಕ್ಕೆ 'ಧ್ವನಿಭಂಡಾರ' ಎನ್ನಬಹುದು. ಬಳಕೆದಾರರು ಕಂಪ್ಯೂಟರಿನ ಪರದೆಯ ಮೇಲೆ ಸ್ವರಗಳನ್ನು ಗುರುತಿಸಿ, ಪ್ರತಿ ಸ್ವರದ ಕೆಳಗೆ ಸಾಹಿತ್ಯದ ಅಕ್ಷರವನ್ನು ಬರೆಯುತ್ತಾರೆ. ತಂತ್ರಾಂಶವು ಅಗತ್ಯವಾದ ತುಣುಕುಗಳನ್ನು ಆರಿಸಿ, ಶ್ರುತಿಯನ್ನೂ ಅವಧಿಯನ್ನೂ ಹೊಂದಿಸಿ, ಸೇರುವೆಗಳನ್ನು ನಯಗೊಳಿಸಿ ಹಾಡಿಸುತ್ತದೆ. ಕಂಪನ, ದನಿಯ ಏರಿಳಿತ, ಉಸಿರು ಮುಂತಾದವನ್ನು ಬಳಕೆದಾರರೇ ತಿದ್ದಬೇಕಾಗುತ್ತದೆ. ಹಾಡು ಜೀವಂತವಾಗಿ ಕೇಳುವುದೂ ಯಾಂತ್ರಿಕವಾಗಿ ಕೇಳುವುದೂ ಬಹುಮಟ್ಟಿಗೆ ಈ ತಿದ್ದುಗೆಯನ್ನು ಅವಲಂಬಿಸಿದೆ. ಜಪಾನಿ ಭಾಷೆಯಲ್ಲಿ ಅಕ್ಷರಧ್ವನಿಗಳ ಜೋಡಣೆಗಳು ಕಡಿಮೆಯಾದ್ದರಿಂದ ಮುದ್ರಿಸಬೇಕಾದ ತುಣುಕುಗಳೂ ಕಡಿಮೆ. ಇಂಗ್ಲಿಷಿಗೆ ಹಲವು ಪಟ್ಟು ಹೆಚ್ಚು ಬೇಕು. ಈ ತಂತ್ರಾಂಶ ಜಪಾನಿನಲ್ಲೇ ಬೇರೂರಲು ಇದೂ ಒಂದು ಅನುಕೂಲವಾಯಿತು.

ಇಲ್ಲಿನ ವ್ಯಾಪಾರ ಸರಪಳಿಯನ್ನು ಗಮನಿಸಬೇಕು. ಯಮಹಾ ಮೂಲ ತಂತ್ರವನ್ನು ಪರವಾನಗಿಯ ಮೇಲೆ ಬೇರೆ ಸಂಸ್ಥೆಗಳಿಗೆ ನೀಡಿತು. ಆ ಸಂಸ್ಥೆಗಳು ಗಾಯಕರನ್ನೋ ಕಂಠದಾನ ಕಲಾವಿದರನ್ನೋ ಒಪ್ಪಿಸಿ, ಧ್ವನಿಭಂಡಾರ ಸಿದ್ಧಪಡಿಸಿ, ತಮ್ಮ ಹೆಸರಿನಲ್ಲಿ ಮಾರಿದವು. ಕೊಂಡವರು ಅದರಿಂದ ಹಾಡು ತಯಾರಿಸಿದರು. ಯಂತ್ರ ತಯಾರಕ, ಕಚ್ಚಾಸಾಮಗ್ರಿ ಪೂರೈಕೆದಾರ, ಸರಕು ತಯಾರಕ ಎಂಬ ಮೂರು ಹಂತಗಳನ್ನು ಇದರಲ್ಲಿ ಗುರುತಿಸಬಹುದು.

ಸಪ್ಪೊರೊ ನಗರದ ಸಂಸ್ಥೆ

ಜಪಾನಿನ ಉತ್ತರದ ಹೊಕ್ಕೈಡೊ ದ್ವೀಪದಲ್ಲಿರುವ ಸಪ್ಪೊರೊ ನಗರದಲ್ಲಿ ಹಿರೊಯುಕಿ ಇತೋ ಅವರು 1995ರಲ್ಲಿ 'ಕ್ರಿಪ್ಟನ್ ಫ್ಯೂಚರ್ ಮೀಡಿಯಾ' ಸಂಸ್ಥೆಯನ್ನು ಸ್ಥಾಪಿಸಿದರು. ಸಂಗೀತ ತಯಾರಕರಿಗೆ ಬೇಕಾಗುವ ಧ್ವನಿ ಸಾಮಗ್ರಿಯನ್ನು ವಿದೇಶಗಳಿಂದ ತರಿಸಿ ಮಾರುವುದು ಅದರ ಮುಖ್ಯ ವ್ಯವಹಾರವಾಗಿತ್ತು. ಈ ಸಂಸ್ಥೆಯು 2004ರ ನವೆಂಬರಿನಲ್ಲಿ 'ಮೇಕೊ' ಎಂಬ ಸ್ತ್ರೀಕಂಠವನ್ನೂ 2006ರ ಫೆಬ್ರವರಿಯಲ್ಲಿ 'ಕೈತೊ' ಎಂಬ ಪುರುಷಕಂಠವನ್ನೂ ಹೊರತಂದಿತು. ಇಂಥ ತಂತ್ರಾಂಶದ ಸಾವಿರ ಪ್ರತಿಗಳು ಮಾರಾಟವಾದರೆ ಅದನ್ನೇ ಯಶಸ್ಸೆಂದು ಎಣಿಸುತ್ತಿದ್ದ ಕಾಲ ಅದು. ಮೇಕೊ ಮೂರು ಸಾವಿರ ಪ್ರತಿಗಳನ್ನು ದಾಟಿತು. ಕೈತೊ ಆರಂಭದಲ್ಲಿ ಐನೂರರ ಆಸುಪಾಸಿನಲ್ಲೇ ನಿಂತಿತು.

2007ರ ಆಗಸ್ಟ್ 31ರಂದು ಸುಧಾರಿತ ಎರಡನೆಯ ಆವೃತ್ತಿಯ ತಂತ್ರದಲ್ಲಿ 'ಹತ್ಸುನೆ ಮಿಕು' ಬಿಡುಗಡೆಯಾಯಿತು. ಈ ಹೆಸರಿಗೆ 'ಭವಿಷ್ಯದ ಮೊದಲ ದನಿ' ಎಂಬ ಅರ್ಥ ಬರುತ್ತದೆ. ಕಂಠ ಸಾಕಿ ಫುಜಿತಾ ಎಂಬ ಕಂಠದಾನ ಕಲಾವಿದೆಯದು. ಪೆಟ್ಟಿಗೆಯ ಮೇಲಿನ ಚಿತ್ರ 'ಕೆಇಐ' ಎಂಬ ಹೆಸರಿನ ಚಿತ್ರಕಾರರದು. ನೀಲಿ-ಹಸಿರು ಬಣ್ಣದ ಉದ್ದನೆಯ ಎರಡು ಜಡೆಗಳ ಹುಡುಗಿಯ ಆ ಉಡುಪಿನಲ್ಲಿ 1983ರ ಯಮಹಾ ಡಿಎಕ್ಸ್7 ಕೀಬೋರ್ಡಿನ ಛಾಯೆಯಿದೆ. ವಯಸ್ಸು 16, ಎತ್ತರ 158 ಸೆಂ.ಮೀ., ತೂಕ 42 ಕಿ.ಗ್ರಾಂ ಎಂಬಷ್ಟನ್ನು ಬಿಟ್ಟರೆ ಪಾತ್ರಕ್ಕೆ ಯಾವ ಕಥೆಯನ್ನೂ ಸಂಸ್ಥೆ ಕಟ್ಟಲಿಲ್ಲ. ಕಥೆಯ ಜಾಗ ಖಾಲಿಯಿದ್ದುದರಿಂದ ಪ್ರತಿಯೊಬ್ಬ ಸಂಗೀತಗಾರನೂ ತನ್ನ ಕಥೆಯನ್ನು ಅಲ್ಲಿ ತುಂಬಲು ಅವಕಾಶವಾಯಿತು. ಸುಮಾರು ಒಂದು ವರ್ಷದೊಳಗೆ 40,000ದಷ್ಟು ಪ್ರತಿಗಳು ಖರ್ಚಾದವು.

ಆಗ ಅದರ ಬೆಲೆ ಶೇ. 5ರ ಬಳಕೆ ತೆರಿಗೆಯೂ ಸೇರಿ 15,750 ಯೆನ್ ಇತ್ತು. ವೆಚ್ಚ ಲೆಕ್ಕದ ದೃಷ್ಟಿಯಿಂದ ಇದು ಗಮನಾರ್ಹ. ಗಾಯಕರಿಗೆ ಕೊಡುವ ಸಂಭಾವನೆ ಪ್ರತಿ ಹಾಡಿಗೂ ಬೀಳುವ ಬದಲಾಗುವ ವೆಚ್ಚ. ತಂತ್ರಾಂಶದ ಬೆಲೆ ಒಮ್ಮೆ ತೆತ್ತರೆ ಮುಗಿಯುವ ಸ್ಥಿರ ವೆಚ್ಚ. ಹತ್ತು ಹಾಡು ಮಾಡಿದವರಿಗೆ ಹಾಡೊಂದಕ್ಕೆ 1,575 ಯೆನ್ ಬಿದ್ದರೆ, ನೂರು ಹಾಡು ಮಾಡಿದವರಿಗೆ ಕೇವಲ 157.50 ಯೆನ್ ಬೀಳುತ್ತದೆ. ಗಾಯಕರ ಬಿಡುವಿಗಾಗಿ ಕಾಯುವ, ಧ್ವನಿಮುದ್ರಣ ಕೇಂದ್ರವನ್ನು ಗಂಟೆಯ ಬಾಡಿಗೆಗೆ ಹಿಡಿಯುವ ಅಗತ್ಯವೂ ಉಳಿಯಲಿಲ್ಲ. ಆದರೆ ಆ ಲೆಕ್ಕದಲ್ಲಿ ಕಾಣದ ವೆಚ್ಚವೊಂದಿದೆ: ಪ್ರತಿ ಅಕ್ಷರವನ್ನೂ ತಿದ್ದುವ ಸಂಗೀತಗಾರನ ಸ್ವಂತ ವೇಳೆ. ಉಳಿತಾಯವಾದ ಹಣದ ಭಾಗವನ್ನು ಅವನು ಶ್ರಮದ ರೂಪದಲ್ಲಿ ತೆತ್ತನು.

'ಪಿ' ಎಂಬ ಬಿರುದಿನವರು

ಈ ತಂತ್ರಾಂಶದಿಂದ ಹಾಡು ಕಟ್ಟುವವರನ್ನು ಜಪಾನಿನಲ್ಲಿ 'ವೋಕಲಾಯ್ಡ್-ಪಿ' ಎನ್ನುತ್ತಾರೆ. 'ಪಿ' ಎಂದರೆ ಪ್ರೊಡ್ಯೂಸರ್. ವಿದ್ಯಾರ್ಥಿಗಳು, ಹಗಲು ಬೇರೆ ಉದ್ಯೋಗದಲ್ಲಿರುವವರು, ತಾವು ಹಾಡಲಾರದ ಆದರೆ ರಾಗ ಕಟ್ಟಬಲ್ಲವರು ಇವರಲ್ಲಿ ಸೇರಿದ್ದರು. ಬಹುತೇಕರು ಅಂಕಿತನಾಮದಲ್ಲೇ ಪ್ರಸಿದ್ಧರಾದರು. 2006ರ ಡಿಸೆಂಬರಿನಲ್ಲಿ ಆರಂಭವಾಗಿದ್ದ 'ನಿಕೊ ನಿಕೊ ದೋಗಾ' ಎಂಬ ವಿಡಿಯೋ ಸೇವೆಯ ಮೂಲಕ ಇವರ ಹಾಡುಗಳು ಶ್ರೋತೃಗಳನ್ನು ತಲುಪಿದವು. ಒಬ್ಬರು ಹಾಡು ಕಟ್ಟಿದರೆ, ಇನ್ನೊಬ್ಬರು ಅದಕ್ಕೆ ಚಿತ್ರ ಬರೆದರು, ಮತ್ತೊಬ್ಬರು ಚಲನಚಿತ್ರಿಕೆ ಮಾಡಿದರು, ಬೇರೊಬ್ಬರು ಅದನ್ನೇ ತಮ್ಮ ಕಂಠದಲ್ಲಿ ಹಾಡಿದರು.

2007ರ ಡಿಸೆಂಬರಿನಲ್ಲಿ 'ರ್ಯೊ' ಎಂಬ ಅಂಕಿತದ ಸಂಗೀತಗಾರನ 'ಮೆಲ್ಟ್' ಗೀತೆ ಬಂದು ಜನಪ್ರಿಯವಾಯಿತು. ಅವರ 'ಸೂಪರ್‌ಸೆಲ್' ತಂಡದ ಅಡಕಮುದ್ರಿಕೆಯನ್ನು 2009ರಲ್ಲಿ ಸೋನಿ ಮ್ಯೂಸಿಕ್ ಸಂಸ್ಥೆ ಹೊರತಂದಿತು. 2010ರ ಮೇ ತಿಂಗಳಲ್ಲಿ ವೋಕಲಾಯ್ಡ್ ಗೀತೆಗಳ ಸಂಕಲನವೊಂದು ಜಪಾನಿನ ಒರಿಕಾನ್ ಸಾಪ್ತಾಹಿಕ ಮಾರಾಟಪಟ್ಟಿಯಲ್ಲಿ ಮೊದಲ ಸ್ಥಾನ ಪಡೆಯಿತು. ಹವ್ಯಾಸಿಗಳ ಹಾಡುಗಳು ವೃತ್ತಿಪರ ಮಾರುಕಟ್ಟೆಯನ್ನು ಮುಟ್ಟಲು ಮೂರು ವರ್ಷವೂ ಹಿಡಿಯಲಿಲ್ಲ.

ಒಂದೇ ಹಾಡಿನೊಳಗಿನ ಹಲವು ಹಕ್ಕುಗಳು

ವಾಣಿಜ್ಯದ ದೃಷ್ಟಿಯಿಂದ ಮುಖ್ಯ ಪ್ರಶ್ನೆ ಇಲ್ಲಿ ಏಳುತ್ತದೆ. ಇಂಥ ಹಾಡು ಯಾರ ಸ್ವತ್ತು? ಇದಕ್ಕೆ ಒಂದೇ ಮಾತಿನ ಉತ್ತರವಿಲ್ಲ. ಹಕ್ಕುಗಳನ್ನು ಬಿಡಿಸಿ ನೋಡಿದರೆ ಚಿತ್ರ ಸ್ಪಷ್ಟವಾಗುತ್ತದೆ.

ಮೊದಲನೆಯದಾಗಿ, ಸಾಹಿತ್ಯ ಮತ್ತು ರಾಗ ಸಂಯೋಜನೆಯ ಕೃತಿಸ್ವಾಮ್ಯ ಅವನ್ನು ರಚಿಸಿದವರದು. ತಂತ್ರಾಂಶ ಮಾರಿದವರಿಗೆ ಅದರಲ್ಲಿ ಪಾಲಿಲ್ಲ. ಹೊಲಿಗೆ ಯಂತ್ರ ಮಾರಿದವನಿಗೆ ಉಡುಪಿನಲ್ಲಿ ಪಾಲಿಲ್ಲದಂತೆ. ಎರಡನೆಯದಾಗಿ, ತಂತ್ರಾಂಶ ಮತ್ತು ಧ್ವನಿಭಂಡಾರದ ಹಕ್ಕು ಅವುಗಳ ತಯಾರಕರದು. ಕೊಂಡವರಿಗೆ ದೊರೆಯುವುದು ಒಪ್ಪಂದದ ಷರತ್ತಿಗೆ ಒಳಪಟ್ಟ ಬಳಕೆಯ ಪರವಾನಗಿ ಮಾತ್ರ. ಹಾಡಿಸಿದ ಗೀತೆಯನ್ನು ಮಾರಬಹುದು, ಧ್ವನಿಭಂಡಾರದ ಪ್ರತಿ ಮಾಡಿ ಮಾರುವಂತಿಲ್ಲ. ಮೂರನೆಯದಾಗಿ, ಪಾತ್ರದ ಹೆಸರು ಮತ್ತು ಚಿತ್ರದ ಹಕ್ಕು ಸಂಸ್ಥೆಯದು. ಹಾಡು ತನ್ನದೇ ಆದರೂ ಅಡಕಮುದ್ರಿಕೆಯ ಹೊದಿಕೆಯ ಮೇಲೆ ಮಿಕುವಿನ ಚಿತ್ರ ಮುದ್ರಿಸಿ ಲಾಭಕ್ಕೆ ಮಾರಬೇಕಾದರೆ ಬೇರೆ ಅನುಮತಿ ಬೇಕು. ನಾಲ್ಕನೆಯದಾಗಿ, ಹಾಡಿಗೆಂದು ಬೇರೊಬ್ಬರು ಬರೆದ ಚಿತ್ರ ಮತ್ತು ಚಲನಚಿತ್ರಿಕೆಗಳಲ್ಲಿ ಅವರವರ ಹಕ್ಕು ಇರುತ್ತದೆ. ಕಂಠ ನೀಡಿದ ಕಲಾವಿದರೊಡನೆ ಧ್ವನಿಭಂಡಾರದ ತಯಾರಕರು ಮಾಡಿಕೊಂಡ ಒಪ್ಪಂದ ಈ ಎಲ್ಲಕ್ಕೂ ತಳಹದಿ.

ಉಚಿತಕ್ಕೂ ಒಂದು ನಿಯಮಾವಳಿ

ಸಾವಿರಾರು ಜನ ಅನುಮತಿ ಕೇಳದೆಯೇ ಮಿಕುವಿನ ಚಿತ್ರ ಬರೆಯತೊಡಗಿದಾಗ ಕ್ರಿಪ್ಟನ್ ಸಂಸ್ಥೆಯ ಮುಂದೆ ಎರಡು ದಾರಿಗಳಿದ್ದವು. ಕೃತಿಸ್ವಾಮ್ಯದ ಉಲ್ಲಂಘನೆಯೆಂದು ತಡೆಯಬಹುದಿತ್ತು. ಕಂಡೂ ಕಾಣದಂತೆ ಸುಮ್ಮನಿರಬಹುದಿತ್ತು. ತಡೆದರೆ ಗ್ರಾಹಕರು ದೂರವಾಗುತ್ತಾರೆ, ಸುಮ್ಮನಿದ್ದರೆ ಹಕ್ಕು ಸಡಿಲಗೊಳ್ಳುತ್ತದೆ. ಸಂಸ್ಥೆ ಮೂರನೆಯ ದಾರಿ ಹಿಡಿಯಿತು. 2007ರ ಡಿಸೆಂಬರಿನಲ್ಲಿ 'ಪಿಯಾಪ್ರೊ' ಎಂಬ ತಾಣವನ್ನು ತೆರೆದು, ಹಾಡು, ಸಾಹಿತ್ಯ, ಚಿತ್ರಗಳನ್ನು ಪರಸ್ಪರ ಬಳಸಿಕೊಳ್ಳಲು ವ್ಯವಸ್ಥೆ ಮಾಡಿತು. ಬೇರೆಯವರ ಕೃತಿ ಬಳಸಿದವರು ಅವರ ಹೆಸರನ್ನು ಸೂಚಿಸಿ ಕೃತಜ್ಞತೆ ತಿಳಿಸುವುದು ಅಲ್ಲಿನ ರೂಢಿಯಾಯಿತು.

ಮುಂದೆ 'ಪಿಯಾಪ್ರೊ ಪಾತ್ರ ಪರವಾನಗಿ' ಎಂಬ ನಿಯಮಾವಳಿ ರೂಪುಗೊಂಡಿತು. ಇದರ ಸಾರವನ್ನು ಮೂರು ಹಂತಗಳಲ್ಲಿ ಹೇಳಬಹುದು. ಲಾಭೋದ್ದೇಶವೂ ಶುಲ್ಕವೂ ಇಲ್ಲದ ಬಳಕೆಗೆ ಪ್ರತ್ಯೇಕ ಅನುಮತಿ ಬೇಡ. ಆದರೆ ಪಾತ್ರದ ಗೌರವಕ್ಕೆ ಕುಂದು ತರುವಂತಿಲ್ಲ. ಲಾಭವಿಲ್ಲದೆ ತಯಾರಿಕಾ ವೆಚ್ಚವನ್ನಷ್ಟೇ ವಸೂಲು ಮಾಡುವ ಹವ್ಯಾಸಿ ಮಾರಾಟಕ್ಕೆ ಸರಳ ಅರ್ಜಿಯ ಮೂಲಕ ಅನುಮತಿ ದೊರೆಯುತ್ತದೆ. ಲಾಭದ ವ್ಯಾಪಾರಕ್ಕಾದರೆ ಸಂಸ್ಥೆಯೊಡನೆ ಒಪ್ಪಂದ ಕಡ್ಡಾಯ. 2012ರ ಡಿಸೆಂಬರಿನಲ್ಲಿ ಮೂಲ ಚಿತ್ರಗಳಿಗೆ 'ಕ್ರಿಯೇಟಿವ್ ಕಾಮನ್ಸ್' ಪರವಾನಗಿಯನ್ನೂ ಅನ್ವಯಿಸಲಾಯಿತು. ಹೆಸರು ಸೂಚಿಸಿ, ವಾಣಿಜ್ಯೇತರವಾಗಿ ಬಳಸಲು ಇದರಿಂದ ವಿದೇಶೀಯರಿಗೂ ಅನುವಾಯಿತು.

ಒಂದು ವಿವಾದ ಮತ್ತು ಅದರ ಪಾಠ

ವ್ಯವಸ್ಥೆ ರೂಪುಗೊಳ್ಳುವ ಮುನ್ನ ತೊಡಕೊಂದು ತಲೆದೋರಿತು. ಜಪಾನಿನಲ್ಲಿ ಸಂಗೀತದ ರಾಯಲ್ಟಿ ಸಂಗ್ರಹಿಸುವ ಮುಖ್ಯ ಸಂಘ 'ಜಾಸ್ರಾಕ್'. ಸಂಯೋಜಕರು ತಮ್ಮ ಹಕ್ಕನ್ನು ಅದಕ್ಕೆ ನ್ಯಾಸದ ರೂಪದಲ್ಲಿ ವಹಿಸುತ್ತಾರೆ. ವಹಿಸಿದ ಬಳಿಕ ಬಳಕೆದಾರರು ಸಂಘಕ್ಕೆ ಶುಲ್ಕ ತೆರಬೇಕಾಗುತ್ತದೆ. ಸಂಯೋಜಕರೇ ಇಷ್ಟಬಂದವರಿಗೆ ಉಚಿತ ಅನುಮತಿ ಕೊಡುವ ಸ್ವಾತಂತ್ರ್ಯ ಕುಗ್ಗುತ್ತದೆ. 2007ರ ಡಿಸೆಂಬರಿನಲ್ಲಿ ಜನಪ್ರಿಯ ಮಿಕು ಗೀತೆಯೊಂದನ್ನು ದ್ವಾಂಗೊ ಸಮೂಹದ ಸಂಗೀತ ಪ್ರಕಾಶನ ಸಂಸ್ಥೆಯ ಮೂಲಕ ಈ ಸಂಘದಲ್ಲಿ ನೋಂದಾಯಿಸಿದ್ದು ಬೆಳಕಿಗೆ ಬಂದಿತು. ಕಲಾವಿದರ ಹೆಸರಿನ ಜಾಗದಲ್ಲಿ 'ಹತ್ಸುನೆ ಮಿಕು' ಎಂದು ಕಾಣಿಸಿದ್ದಕ್ಕೆ ಕ್ರಿಪ್ಟನ್ ಆಕ್ಷೇಪಿಸಿತು. ಎಲ್ಲರೂ ಸೇರಿ ಬೆಳೆಸಿದ ಹಾಡಿಗೆ ಇನ್ನು ಮುಂದೆ ಬೇಲಿ ಬೀಳುತ್ತದೆಯೇ ಎಂಬ ಆತಂಕ ಹವ್ಯಾಸಿಗಳಲ್ಲಿ ಹಬ್ಬಿತು. ಎರಡೂ ಕಡೆಯವರು ಮಾತುಕತೆ ನಡೆಸಿ ಅದೇ ತಿಂಗಳ ಕೊನೆಯಲ್ಲಿ ಜಂಟಿ ಹೇಳಿಕೆ ನೀಡಿದ ಮೇಲೆ ವಿವಾದ ತಣಿಯಿತು.

ಹಾಡಿನ ಹಕ್ಕು ಒಬ್ಬರದು, ಹೆಸರಿನ ಹಕ್ಕು ಇನ್ನೊಬ್ಬರದು ಎಂಬಲ್ಲಿ ಯಾವ ಕಾಗದದಲ್ಲಿ ಯಾರು ಸಹಿ ಹಾಕಬೇಕೆಂಬುದು ವ್ಯಾಪಾರಕ್ಕೆ ಮುನ್ನವೇ ತೀರ್ಮಾನವಾಗಬೇಕು ಎಂಬುದನ್ನು ಈ ಪ್ರಸಂಗ ತೋರಿಸಿತು. ಮುಂದೆ ಕ್ರಿಪ್ಟನ್ 'ಕರೆಂಟಿ' ಎಂಬ ತನ್ನದೇ ಪ್ರಕಾಶನ ಮುದ್ರೆಯಡಿ ಇಂಥ ಸಂಗೀತಗಾರರ ಹಾಡುಗಳನ್ನು ಜಗತ್ತಿನ ಡಿಜಿಟಲ್ ಮಾರುಕಟ್ಟೆಗೆ ತಲುಪಿಸಲು ಮುಂದಾಯಿತು.

ಆದಾಯದ ಮೂಲಗಳು

ಪೆಟ್ಟಿಗೆಯ ಮಾರಾಟ ಒಮ್ಮೆ ಬರುವ ಆದಾಯ. ಪಾತ್ರದ ಪರವಾನಗಿ ಮಾತ್ರ ಮತ್ತೆ ಮತ್ತೆ ಬರುವ ಆದಾಯ. ಗುಡ್ ಸ್ಮೈಲ್ ಕಂಪನಿ 2008ರಿಂದ ಮಿಕುವಿನ ಪುಟ್ಟ ಪ್ರತಿಮೆಗಳನ್ನು ಮಾರತೊಡಗಿತು. ಸೇಗಾ ಸಂಸ್ಥೆ 2009ರಲ್ಲಿ 'ಪ್ರಾಜೆಕ್ಟ್ ದಿವಾ' ಎಂಬ ಆಟವನ್ನು ಹೊರತಂದಿತು. 2020ರ ಸೆಪ್ಟೆಂಬರಿನಲ್ಲಿ 'ಪ್ರಾಜೆಕ್ಟ್ ಸೆಕಾಯ್' ಎಂಬ ಮೊಬೈಲ್ ಆಟ ಬಂದಿತು. 2011ರಲ್ಲಿ ಟೊಯೋಟಾ ಅಮೆರಿಕದಲ್ಲಿ ಕೊರೋಲಾ ಕಾರಿನ ಜಾಹೀರಾತಿಗೂ ಗೂಗಲ್ ಜಪಾನಿನಲ್ಲಿ ಕ್ರೋಮ್ ತಂತ್ರಾಂಶದ ಜಾಹೀರಾತಿಗೂ ಮಿಕುವನ್ನು ಬಳಸಿದವು. ಸಪ್ಪೊರೊದ ಹಿಮೋತ್ಸವದಲ್ಲಿ 2010ರಿಂದ 'ಹಿಮ ಮಿಕು' ಕಾಣಿಸಿಕೊಂಡು ನಗರದ ಪ್ರವಾಸೋದ್ಯಮಕ್ಕೂ ನೆರವಾಯಿತು. 2013ರಿಂದ 'ಮ್ಯಾಜಿಕಲ್ ಮಿರಾಯ್' ಎಂಬ ಸಂಗೀತ ಕಾರ್ಯಕ್ರಮವೂ ನಡೆದುಬಂದಿದೆ.

ಕಾರು ಓಟದ ಉದಾಹರಣೆ ಸಣ್ಣ ಬಂಡವಾಳದವರಿಗೆ ಕುತೂಹಲಕರ. 2008ರಿಂದ ಜಪಾನಿನ ಸೂಪರ್ ಜಿಟಿ ಪಂದ್ಯಾವಳಿಯಲ್ಲಿ ಮಿಕುವಿನ ಚಿತ್ರ ಹೊತ್ತ ಕಾರು ಓಡುತ್ತ ಬಂದಿದೆ. ದೊಡ್ಡ ಪ್ರಾಯೋಜಕರ ಜೊತೆಗೆ ಅಭಿಮಾನಿಗಳಿಂದಲೂ ವೈಯಕ್ತಿಕ ಪ್ರಾಯೋಜಕತ್ವದ ರೂಪದಲ್ಲಿ ಸಣ್ಣ ಮೊತ್ತಗಳನ್ನು ಸಂಗ್ರಹಿಸಿ, ಪ್ರತಿಯಾಗಿ ನೆನಪಿನ ವಸ್ತುಗಳನ್ನು ನೀಡಲಾಗುತ್ತದೆ. ಈ ತಂಡ ಜಿಟಿ300 ವರ್ಗದಲ್ಲಿ 2011, 2014 ಮತ್ತು 2017ರ ಪ್ರಶಸ್ತಿಗಳನ್ನು ಗಳಿಸಿತು.

ಈ ಎಲ್ಲ ಪರವಾನಗಿಗಳಿಗೆ ಬೆಲೆ ತಂದವರು ಮಾತ್ರ ಹವ್ಯಾಸಿ ಸಂಗೀತಗಾರರು. ಅವರ ಹಾಡುಗಳಿಲ್ಲದಿದ್ದರೆ ಮಿಕು ಪೆಟ್ಟಿಗೆಯ ಮೇಲಿನ ಒಂದು ಚಿತ್ರವಾಗಿಯೇ ಉಳಿಯುತ್ತಿದ್ದಳು. ಸಾವಿರಾರು ಜನರ ವೇತನವಿಲ್ಲದ ಶ್ರಮ ಯಾವ ಜಮಾ-ಖರ್ಚಿನ ಪಟ್ಟಿಯಲ್ಲೂ ಕಾಣದು. ಅವರಲ್ಲಿ ಕೆಲವರಿಗೆ ಪ್ರತಿಫಲ ಬೇರೆ ರೂಪದಲ್ಲಿ ದೊರೆಯಿತು. 2009ರಿಂದ 'ಹಚಿ' ಎಂಬ ಅಂಕಿತದಲ್ಲಿ ವೋಕಲಾಯ್ಡ್ ಗೀತೆಗಳನ್ನು ಕಟ್ಟಿದ ಕೆನ್ಶಿ ಯೊನೆಜು ಮುಂದೆ ತಮ್ಮ ಕಂಠದಲ್ಲೇ ಹಾಡಿ, 2018ರ 'ಲೆಮನ್' ಗೀತೆಯಿಂದ ಜಪಾನಿನ ಅಗ್ರಗಣ್ಯ ಕಲಾವಿದರಾದರು. ವೋಕಲಾಯ್ಡ್-ಪಿ ಆಗಿದ್ದ ಅಯಾಸೆ 2019ರಲ್ಲಿ 'ಯೊಆಸೊಬಿ' ಜೋಡಿಯನ್ನು ಕಟ್ಟಿ, 2023ರ 'ಐಡಲ್' ಗೀತೆಯಿಂದ ಹೊರದೇಶಗಳಲ್ಲೂ ಹೆಸರಾದರು. ಕಂಠ ಕೊಂಡು ಹಾಡು ಕಟ್ಟಿದವರಿಗೆ ಆ ತಂತ್ರಾಂಶ ಕಲಿಕೆಯ ಶಾಲೆಯೂ ಆಯಿತು. ಆದರೆ ಇಂಥವರು ಬೆರಳೆಣಿಕೆಯವರು ಎಂಬುದನ್ನು ಮರೆಯಲಾಗದು.

ಬದಲಾದ ಪೈಪೋಟಿ

ಯಮಹಾದ ಏಕಸ್ವಾಮ್ಯ ಬಹುಕಾಲ ಉಳಿಯಲಿಲ್ಲ. 2008ರಲ್ಲಿ 'ಉತಾವ್' ಎಂಬ ಉಚಿತ ತಂತ್ರಾಂಶ ಬಂದಿತು. ಯಾರು ಬೇಕಾದರೂ ತಮ್ಮ ಕಂಠವನ್ನೇ ಮುದ್ರಿಸಿ ಧ್ವನಿಭಂಡಾರ ಮಾಡಿಕೊಳ್ಳಬಹುದಾಯಿತು. ಅದೇ ವರ್ಷ ಏಪ್ರಿಲ್ ಮೂರ್ಖರ ದಿನದ ತಮಾಷೆಯಾಗಿ ಹುಟ್ಟಿದ 'ಕಸಾನೆ ತೆತೊ' ಎಂಬ ಪಾತ್ರ ಅದರಲ್ಲಿ ನೆಲೆಯೂರಿ, 2023ರಲ್ಲಿ ಬೆಲೆ ತೆತ್ತು ಕೊಳ್ಳುವ ಕಂಠವಾಗಿಯೂ ಮಾರುಕಟ್ಟೆಗೆ ಬಂದಿತು. ಕ್ರಿಪ್ಟನ್ 2020ರ ನವೆಂಬರಿನಲ್ಲಿ ತನ್ನದೇ ತಂತ್ರದ 'ಹತ್ಸುನೆ ಮಿಕು ಎನ್‌ಟಿ'ಯನ್ನು ಹೊರತಂದಿತು. 'ಸಿಂಥಸೈಜರ್ ವಿ' ಮುಂತಾದ ತಂತ್ರಾಂಶಗಳು ಕೃತಕ ಬುದ್ಧಿಮತ್ತೆಯಿಂದ ತಿದ್ದುಗೆಯ ಶ್ರಮವನ್ನು ತಗ್ಗಿಸಿದವು. 2022ರ ಅಕ್ಟೋಬರಿನಲ್ಲಿ ಬಂದ ಆರನೆಯ ವೋಕಲಾಯ್ಡ್ ಕೂಡ ಅದನ್ನೇ ಅಳವಡಿಸಿಕೊಂಡಿತು. ತಂತ್ರ ಬದಲಾದರೂ ಪಾತ್ರದ ಬೆಲೆ ಕುಸಿಯಲಿಲ್ಲ. ಯಂತ್ರಕ್ಕಿಂತ ಹೆಸರು ಹೆಚ್ಚು ಬಾಳುವ ಆಸ್ತಿ ಎಂಬುದಕ್ಕೆ ಇದು ಸಾಕ್ಷಿ.

ಇದೇ ತಂತ್ರದ ಮತ್ತೊಂದು ಮುಖವೂ ಇದೆ. ಧ್ವನಿಭಂಡಾರಕ್ಕೆ ಕಂಠ ಕೊಟ್ಟವರು ಒಪ್ಪಿ, ಸಹಿ ಹಾಕಿ ಕೊಟ್ಟಿರುತ್ತಾರೆ. ಪ್ರಸಿದ್ಧ ಗಾಯಕರ ಕಂಠವನ್ನು ಅವರ ಒಪ್ಪಿಗೆಯಿಲ್ಲದೆ ಕೃತಕ ಬುದ್ಧಿಮತ್ತೆಯಿಂದ ಅನುಕರಿಸುವುದು ಬೇರೆಯೇ ಸಂಗತಿ. 2024ರ ಜುಲೈನಲ್ಲಿ ಬಾಂಬೆ ಹೈಕೋರ್ಟ್ ಗಾಯಕ ಅರಿಜಿತ್ ಸಿಂಗ್ ಅವರ ಹೆಸರು, ಕಂಠ ಮುಂತಾದವನ್ನು ಹೀಗೆ ಬಳಸುವುದರ ವಿರುದ್ಧ ಮಧ್ಯಂತರ ರಕ್ಷಣೆ ನೀಡಿತು. ಅಂಗಡಿಯ ಜಾಹೀರಾತಿಗೆ ಪ್ರಸಿದ್ಧರ ಕಂಠವನ್ನು ಹೋಲುವ ದನಿಯನ್ನು ಅಗ್ಗವಾಗಿ ಒದಗಿಸುತ್ತೇವೆಂದು ಬರುವವರ ಮಾತಿಗೆ ಒಪ್ಪುವ ಮುನ್ನ ವ್ಯಾಪಾರಿಗಳು ಈ ಆದೇಶವನ್ನು ನೆನಪಿಡುವುದು ಕ್ಷೇಮ.

ಭಾರತದ ಉದ್ಯಮಿಗಳು ಗಮನಿಸಬೇಕಾದ ಅಂಶಗಳು

ಹೆಸರು, ಚಿತ್ರ, ವಿನ್ಯಾಸ, ಜಾಹೀರಾತು ಗೀತೆ ಇವು ಪ್ರತಿ ಸಣ್ಣ ಉದ್ದಿಮೆಯಲ್ಲೂ ಇರುವ ಅಮೂರ್ತ ಆಸ್ತಿಗಳು. ಇವುಗಳ ವಿಷಯದಲ್ಲಿ ಭಾರತದ ಕಾನೂನಿನ ಕೆಲವು ಅಂಶಗಳನ್ನು ತಿಳಿದಿರಬೇಕು.

1. ಕಂಪ್ಯೂಟರಿನಿಂದ ಉತ್ಪನ್ನವಾದ ಸಂಗೀತ ಅಥವಾ ಸಾಹಿತ್ಯ ಕೃತಿಗೆ, ಅದು ಉಂಟಾಗಲು ಕಾರಣನಾದ ವ್ಯಕ್ತಿಯೇ ಕರ್ತೃವೆಂದು 1957ರ ಕೃತಿಸ್ವಾಮ್ಯ ಕಾಯಿದೆಯ 2(ಡಿ) ಪ್ರಕರಣ ಹೇಳುತ್ತದೆ. ಜಾಹೀರಾತು ಗೀತೆಯನ್ನು ಹೊರಗಿನವರಿಂದ ಮಾಡಿಸಿಕೊಂಡಾಗ ಹಕ್ಕು ಯಾರಿಗೆ ಸೇರತಕ್ಕದ್ದೆಂದು ಒಪ್ಪಂದದಲ್ಲಿ ಬರೆಯಿಸಬೇಕು.

2. ಕೃತಿಸ್ವಾಮ್ಯದ ವರ್ಗಾವಣೆ ಲಿಖಿತವಾಗಿರಬೇಕು. ಅವಧಿಯನ್ನು ನಮೂದಿಸದಿದ್ದರೆ ಐದು ವರ್ಷವೆಂದೂ, ಪ್ರದೇಶವನ್ನು ನಮೂದಿಸದಿದ್ದರೆ ಭಾರತಕ್ಕೆ ಸೀಮಿತವೆಂದೂ 19ನೆಯ ಪ್ರಕರಣದಡಿ ಭಾವಿಸಲಾಗುತ್ತದೆ. ರಫ್ತು ಮಾಡುವವರಿಗೆ ಇದು ಬಹು ಮುಖ್ಯ.

3. ಡಿಸೈನ್ಸ್ ಕಾಯಿದೆ, 2000ರ ಅಡಿ ನೋಂದಾಯಿಸಬಹುದಾದ ವಿನ್ಯಾಸವನ್ನು ನೋಂದಾಯಿಸದೆ, ಅದನ್ನು ಅಳವಡಿಸಿದ ವಸ್ತುವನ್ನು ಕೈಗಾರಿಕಾ ಪ್ರಕ್ರಿಯೆಯಿಂದ 50ಕ್ಕಿಂತ ಹೆಚ್ಚು ಬಾರಿ ತಯಾರಿಸಿದರೆ, ಕೃತಿಸ್ವಾಮ್ಯ ಕಾಯಿದೆಯ 15ನೆಯ ಪ್ರಕರಣದಂತೆ ಆ ವಿನ್ಯಾಸದ ಕೃತಿಸ್ವಾಮ್ಯ ಕೊನೆಗೊಳ್ಳುತ್ತದೆ. ಮೊದಲ ಸರಕು ಹೊರಬೀಳುವ ಮುನ್ನವೇ ನೋಂದಣಿಯ ಬಗ್ಗೆ ಯೋಚಿಸಬೇಕು.

4. ಮಿಕುವಿನಂಥ ಪ್ರಸಿದ್ಧ ಪಾತ್ರಗಳ ಚಿತ್ರವುಳ್ಳ ಅಂಗಿ, ಚೀಲ, ಆಟಿಕೆಗಳನ್ನು ತಯಾರಿಸುವವರು ಮತ್ತು ಮಾರುವವರು ಪರವಾನಗಿಯ ಪ್ರತಿಯನ್ನು ಕೇಳಿ ಪಡೆಯಬೇಕು. ಅಭಿಮಾನಿಗಳು ಉಚಿತವಾಗಿ ಚಿತ್ರ ಬಿಡಿಸುತ್ತಾರೆಂಬುದು ವ್ಯಾಪಾರಿಗೆ ರಕ್ಷಣೆಯಾಗದು.

ಹಂಚಿಕೊಳ್ಳುವುದರಿಂದ ಬೆಳೆಯುವ ಆಸ್ತಿಯೂ ಉಂಟು, ಬಿಗಿಯಾಗಿ ಕಾಯ್ದುಕೊಳ್ಳಬೇಕಾದ ಆಸ್ತಿಯೂ ಉಂಟು. ಗ್ರಾಹಕರು ಪ್ರೀತಿಯಿಂದ ಮಾಡುವ ಬಳಕೆಗೂ ಪ್ರತಿಸ್ಪರ್ಧಿ ಲಾಭಕ್ಕೆ ಮಾಡುವ ಬಳಕೆಗೂ ನಡುವಿನ ಗೆರೆಯನ್ನು ಸ್ಪಷ್ಟ ಬರಹದಲ್ಲಿ ಎಳೆದದ್ದು ಸಪ್ಪೊರೊದ ಆ ಸಂಸ್ಥೆಯ ಜಾಣ್ಮೆ. ತಮ್ಮ ಉದ್ದಿಮೆಯ ಹೆಸರು, ಚಿತ್ರ, ವಿನ್ಯಾಸಗಳ ಪಟ್ಟಿಯೊಂದನ್ನು ಮಾಡಿ, ಪ್ರತಿಯೊಂದರ ಎದುರು ಅದರ ಒಡೆಯರು ಯಾರು, ಆಧಾರಪತ್ರ ಯಾವುದು ಎಂದು ಬರೆದು ನೋಡುವ ಕೆಲಸವನ್ನು ಸದಸ್ಯರು ಈ ಆರ್ಥಿಕ ವರ್ಷದ ಲೆಕ್ಕ ಮುಗಿಸುವ ಮುನ್ನವೇ ಕೈಗೊಳ್ಳುವುದು ಸೂಕ್ತ.